ಗಾಡಿಯ ಹೊಗೆ ಏನು ಹೇಳುತ್ತಿದೆ?

ಮಕ್ಕಳೇ, ನಾಳೆ ಬೆಳಿಗ್ಗೆ ಶಾಲೆಯ ಬಸ್ಸಿಗೆ ಕಾಯುವಾಗ ಒಂದು ಕೆಲಸ ಮಾಡಿ. ರಸ್ತೆಯಲ್ಲಿ ಹೋಗುವ ಬೈಕುಗಳ ಸೈಲೆನ್ಸರಿನ ತುದಿಯನ್ನು ನೋಡುತ್ತಾ ನಿಲ್ಲಿ. ಹೆಚ್ಚಿನ ಗಾಡಿಗಳಿಂದ ಕಣ್ಣಿಗೆ ಕಾಣುವಂಥದ್ದೇನೂ ಬರುವುದಿಲ್ಲ. ಎಲ್ಲೋ ಒಂದು ಹಳೆಯ ಗಾಡಿ ಮಾತ್ರ ಬುಸಬುಸ ಹೊಗೆ ಬಿಡುತ್ತಾ ಹೋಗುತ್ತದೆ. ನಾವು ಮೂಗು ಮುಚ್ಚಿಕೊಂಡು, ‘ಥೂ, ಡಕೋಟಾ ಗಾಡಿ’ ಎಂದು ಬೈದು ಸುಮ್ಮನಾಗುತ್ತೇವೆ.

ಬೈಯುವ ಮೊದಲು ಸ್ವಲ್ಪ ಗಮನಿಸಿ. ಆ ಹೊಗೆಗೆ ಒಂದು ಬಣ್ಣವಿದೆ, ಒಂದು ವಾಸನೆಯಿದೆ, ಅದು ಬರುವುದಕ್ಕೊಂದು ಹೊತ್ತೂ ಇದೆ. ಈ ಮೂರನ್ನು ತಿಳಿದರೆ ಎಂಜಿನ್ ಬಿಚ್ಚದೆಯೇ ಒಳಗೆ ಏನಾಗಿದೆ ಎಂದು ಬಹುಮಟ್ಟಿಗೆ ಹೇಳಬಹುದು. ವೈದ್ಯರು ನಾಲಿಗೆ ನೋಡಿ, ನಾಡಿ ಹಿಡಿದು, ‘ಕೆಮ್ಮು ರಾತ್ರಿ ಜಾಸ್ತಿಯೋ, ಬೆಳಿಗ್ಗೆ ಜಾಸ್ತಿಯೋ?’ ಎಂದು ಕೇಳುವುದಿಲ್ಲವೇ? ಇದೂ ಹಾಗೆಯೇ.

ನಾನು ಎಂಜಿನಿಯರ್ ಅಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನನ್ನು ಹಾಕಿದ್ದು ದಿನಕ್ಕೆ ಎರಡೇ ಬಸ್ಸು ಬರುತ್ತಿದ್ದ ಹಳ್ಳಿಯ ಶಾಖೆಗೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಜಾವಾ ಒಂದನ್ನು ಕೊಂಡಿದ್ದೆ. ಭಾನುವಾರ ಮೆಕ್ಯಾನಿಕ್ ಅಂಗಡಿಯ ಬೆಂಚಿನ ಮೇಲೆ ಕುಳಿತು, ಅವರು ಬಿಚ್ಚಿ ಜೋಡಿಸುವುದನ್ನು ನೋಡಿ ನೋಡಿ ಕಲಿತದ್ದಷ್ಟೇ ನನ್ನ ವಿದ್ಯೆ. ಉಳಿದದ್ದನ್ನು ಕಲಿಸಿದ್ದು ಬ್ಯಾಂಕಿನ ಲೆಡ್ಜರು. ಅದು ಹೇಗೆ ಎಂದು ಮುಂದೆ ಹೇಳುತ್ತೇನೆ.

ಎಂಜಿನ್ನಿನ ಒಳಗೆ

ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪನ್ನು ನೆನಪಿಸಿಕೊಳ್ಳಿ. ಒಂದು ಕೊಳವೆ, ಅದರೊಳಗೆ ಮೇಲೆ ಕೆಳಗೆ ಓಡಾಡುವ ಒಂದು ಬಿಲ್ಲೆ. ಬೈಕಿನ ಎಂಜಿನ್ನಿನಲ್ಲಿ ಕೊಳವೆಯ ಹೆಸರು ಸಿಲಿಂಡರ್, ಬಿಲ್ಲೆಯ ಹೆಸರು ಪಿಸ್ಟನ್. ಪಂಪಿನ ಬಿಲ್ಲೆಗೆ ಗಾಳಿ ಸೋರದಂತೆ ಚರ್ಮದ ವಾಷರ್ ಇರುತ್ತದೆ. ಪಿಸ್ಟನ್ನಿಗೆ ಬಳೆಗಳಂತೆ ಲೋಹದ ರಿಂಗುಗಳನ್ನು ತೊಡಿಸಿರುತ್ತಾರೆ. ಸಾಮಾನ್ಯವಾಗಿ ಮೂರು. ಮೇಲಿನ ಎರಡು ಬಳೆಗಳು ಉರಿಯುವ ಅನಿಲ ಕೆಳಗೆ ಇಳಿಯದಂತೆ ತಡೆಯುತ್ತವೆ. ಮೂರನೆಯದು ಆಯಿಲ್ ರಿಂಗ್. ಸಿಲಿಂಡರಿನ ಗೋಡೆಗೆ ಅಂಟಿದ ಎಣ್ಣೆಯನ್ನು ಒರೆಸಿ ಮತ್ತೆ ಕೆಳಕ್ಕೆ ಕಳುಹಿಸುವುದು ಅದರ ಕೆಲಸ.

ಈಗಿನ ಬೈಕುಗಳೆಲ್ಲ ಬಹುತೇಕ ಫೋರ್ ಸ್ಟ್ರೋಕ್. ಪಿಸ್ಟನ್ ಒಂದು ಸಲ ಕೆಳಗಿಳಿದು ಪೆಟ್ರೋಲ್ ಬೆರೆತ ಗಾಳಿಯನ್ನು ಹೀರುತ್ತದೆ. ಮೇಲೇರಿ ಅದನ್ನು ಒತ್ತುತ್ತದೆ. ಸ್ಪಾರ್ಕ್ ಪ್ಲಗ್ಗಿನ ಕಿಡಿಗೆ ಅದು ಉರಿದು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಮತ್ತೆ ಮೇಲೇರಿದಾಗ ಉಳಿದ ಅನಿಲ ಸೈಲೆನ್ಸರಿನ ದಾರಿ ಹಿಡಿಯುತ್ತದೆ. ಹೀರು, ಒತ್ತು, ಉರಿ, ಹೊರಹಾಕು: ಇಷ್ಟೇ ಪಾಠ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಈ ನಾಲ್ಕು ಕೆಲಸಗಳೂ ಸೆಕೆಂಡಿಗೆ 25 ಸಲ ನಡೆಯುತ್ತವೆ.

ಹೀರುವುದಕ್ಕೊಂದು ಬಾಗಿಲು, ಹೊರಹಾಕುವುದಕ್ಕೊಂದು ಬಾಗಿಲು ಬೇಕಲ್ಲ? ಅವೇ ವಾಲ್ವುಗಳು. ನಾಯಿಕೊಡೆಯ ಆಕಾರದ ಲೋಹದ ಮುಚ್ಚಳಗಳು. ಅವುಗಳ ಕಾಂಡ ಒಂದು ಕೊಳವೆಯೊಳಗೆ ಜಾರುತ್ತದೆ. ಅದರ ಹೆಸರು ವಾಲ್ವ್ ಗೈಡ್. ಮೇಲಿನ ಎಣ್ಣೆ ಕಾಂಡದ ಗುಂಟ ಒಳಕ್ಕೆ ಇಳಿಯದಂತೆ ಗೈಡಿನ ತಲೆಗೆ ಒಂದು ಪುಟ್ಟ ರಬ್ಬರ್ ಟೋಪಿ ಹಾಕಿರುತ್ತಾರೆ. ಅದನ್ನು ವಾಲ್ವ್ ಸೀಲ್ ಎನ್ನುತ್ತಾರೆ. ಈ ಟೋಪಿಯನ್ನು ನೆನಪಿನಲ್ಲಿಡಿ, ನಮ್ಮ ಕಥೆಯಲ್ಲಿ ಮುಖ್ಯ ಪಾತ್ರ ಇದರದೇ.

ಎಂಜಿನ್ ಆಯಿಲ್ ಇರುವುದು ಉರಿಯುವುದಕ್ಕಲ್ಲ. ತಿಕ್ಕಾಟ ತಪ್ಪಿಸುವುದು, ಬಿಸಿ ಇಳಿಸುವುದು, ಕೊಳೆ ತೊಳೆಯುವುದು, ರಿಂಗು ಮತ್ತು ಗೋಡೆಯ ನಡುವಿನ ಸಂದು ಮುಚ್ಚುವುದು ಅದರ ಕೆಲಸ. ಅದು ಪಿಸ್ಟನ್ನಿನ ಮೇಲ್ಭಾಗಕ್ಕೆ ಬಂದು ಉರಿಯಿತೆಂದರೆ ಎಲ್ಲೋ ಬೇಲಿ ಹಾರಿದೆ ಎಂದರ್ಥ.

ಮೂರು ಬಣ್ಣದ ಹೊಗೆ

ಬಿಳಿ: ಚಳಿಗಾಲದ ಬೆಳಿಗ್ಗೆ ನಿಮ್ಮ ಬಾಯಿಂದಲೂ ಬಿಳಿ ಹಬೆ ಬರುತ್ತದೆ. ಸೈಲೆನ್ಸರಿನಿಂದ ಬರುವುದೂ ಹೆಚ್ಚಾಗಿ ಅದೇ, ನೀರಿನ ಹಬೆ. ‘ಪೆಟ್ರೋಲಿನಲ್ಲಿ ನೀರೆಲ್ಲಿಂದ ಬಂತು ತಾತ?’ ಎಂದು ನನ್ನ ಮೊಮ್ಮಗಳು ಕೇಳಿದಳು. ಪೆಟ್ರೋಲಿನಲ್ಲಿ ಜಲಜನಕವಿದೆ, ಉರಿಯುವಾಗ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಒಂದು ಲೀಟರು ಪೆಟ್ರೋಲ್ ಪೂರ್ತಿ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ! ಸೈಲೆನ್ಸರ್ ಬಿಸಿಯಾದ ಮೇಲೆ ಅದು ಕಣ್ಣಿಗೆ ಕಾಣದ ಆವಿಯಾಗಿ ಹೋಗುತ್ತದೆ. ನಾಲ್ಕೈದು ನಿಮಿಷದಲ್ಲಿ ಮಾಯವಾಗುವ, ವಾಸನೆಯಿಲ್ಲದ ತೆಳು ಬಿಳಿ ಹಬೆಗೆ ಹೆದರಬೇಕಾಗಿಲ್ಲ.

ಕಪ್ಪು: ಇದು ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ ಆದದ್ದರ ಗುರುತು. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಅಷ್ಟು ಸಿಗದಿದ್ದರೆ ಅರೆಬೆಂದ ಇಂಗಾಲ ಮಸಿಯಾಗಿ ಬರುತ್ತದೆ, ಗಾಳಿಯಾಡದ ಸೌದೆ ಒಲೆಯ ಹಾಗೆ. ಚೋಕ್ ಎಳೆದದ್ದು ಹಾಗೆಯೇ ಉಳಿದಿರಬಹುದು, ಏರ್ ಫಿಲ್ಟರಿಗೆ ಧೂಳು ಕಟ್ಟಿರಬಹುದು, ಕಾರ್ಬೊರೇಟರಿನ ಫ್ಲೋಟ್ ಸಿಕ್ಕಿಕೊಂಡಿರಬಹುದು. ಮೈಲೇಜೂ ಬೀಳುತ್ತದೆ. ಆದರೆ ಇದು ಎಣ್ಣೆಯ ರೋಗವಲ್ಲ.

ನೀಲಿ: ಇದೇ ಎಣ್ಣೆ ಉರಿಯುವ ಹೊಗೆ. ಕಟುವಾದ, ಗಂಟಲು ಹಿಡಿಯುವ ಕಮಟು ವಾಸನೆ. ನೀಲಿ ಯಾಕೆ? ಮನೆಯಲ್ಲಿ ಊದುಬತ್ತಿ ಹಚ್ಚಿ, ಹಿಂದೆ ಕಪ್ಪು ಬಟ್ಟೆ ಹಿಡಿದು ನೋಡಿ. ತುದಿಯಿಂದ ಏಳುವ ಹೊಗೆಯೂ ನೀಲಿಯಾಗಿ ಕಾಣುತ್ತದೆ. ಕಣಗಳು ಬಹಳ ಸಣ್ಣವಾಗಿದ್ದಾಗ ಬೆಳಕಿನ ಬೇರೆ ಬಣ್ಣಗಳಿಗಿಂತ ನೀಲಿಯನ್ನು ಹೆಚ್ಚು ಚದುರಿಸುತ್ತವೆ. ಆದ್ದರಿಂದ ಗಾಡಿಯ ಹೊಗೆ ನೋಡುವಾಗಲೂ ಹಿಂದೆ ಮರದ ನೆರಳೋ ಕಪ್ಪು ಗೋಡೆಯೋ ಇರಲಿ. ಬಿಳಿ ಆಕಾಶ ಹಿಂದಿದ್ದರೆ ಬಣ್ಣ ತಿಳಿಯುವುದಿಲ್ಲ.

ಬಣ್ಣದ ಬಗ್ಗೆ ಅನುಮಾನವಿದ್ದರೆ ಸ್ಪಾರ್ಕ್ ಪ್ಲಗ್ ಸಾಕ್ಷಿ ಹೇಳುತ್ತದೆ. ಎಂಜಿನ್ ಆರಿದ ಮೇಲೆ ದೊಡ್ಡವರು ಅದನ್ನು ಬಿಚ್ಚಿ ನೋಡಬೇಕು. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಒದ್ದೆಯಾಗಿ, ಜಿಡ್ಡಾಗಿ ಕಪ್ಪಗಿದ್ದರೆ ಎಣ್ಣೆ.

ಮೈಸೂರಿನ ಗಾಡಿಯ ಲೆಕ್ಕವೇ ಬೇರೆ

ಇಲ್ಲಿ ಅಜ್ಜಂದಿರು ಆಕ್ಷೇಪ ಎತ್ತಬಹುದು: ‘ನಮ್ಮ ಕಾಲದ ಜಾವಾ, ಯೆಜ್ಡಿಗಳು ಹೊಸದಾಗಿದ್ದಾಗಲೇ ನೀಲಿ ಹೊಗೆ ಬಿಡುತ್ತಿದ್ದವಲ್ಲ?’ ನಿಜ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಬಂದ ಆ ಗಾಡಿಗಳು ಟೂ ಸ್ಟ್ರೋಕ್. 1996ರಲ್ಲಿ ಕಾರ್ಖಾನೆ ಮುಚ್ಚಿದರೂ ಮೈಸೂರಿನ ಬೀದಿಗಳಲ್ಲಿ ಅವುಗಳ ಸದ್ದು ಇನ್ನೂ ಕೇಳಿಸುತ್ತದೆ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ಬಂಕಿನಲ್ಲಿ ಅಳತೆಯ ಡಬ್ಬಿಯಿಂದ ಎಣ್ಣೆ ಸುರಿಸಿಕೊಂಡು, ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ಬೆರೆಸುತ್ತಿದ್ದದ್ದು ನಮ್ಮ ತಲೆಮಾರಿನವರಿಗೆ ನೆನಪಿದ್ದೇ ಇರುತ್ತದೆ. ಆ ಎಣ್ಣೆ ಒಳಗೆ ಕೆಲಸ ಮಾಡಿ ಪೆಟ್ರೋಲಿನ ಜೊತೆಯೇ ಉರಿದು ಹೋಗುತ್ತದೆ. ಹಾಗಾಗಿ ತೆಳು ನೀಲಿ ಹೊಗೆ ಅದರ ಹುಟ್ಟುಗುಣ. ಅಲ್ಲಿ ಕೇಳಬೇಕಾದ ಪ್ರಶ್ನೆ ‘ಹೊಗೆ ಇದೆಯೇ’ ಎಂದಲ್ಲ, ‘ಮೊದಲಿಗಿಂತ ಹೆಚ್ಚಿದೆಯೇ’ ಎಂದು.

ಹೆಚ್ಚಿದ್ದರೆ ಮೊದಲು ಬೆರೆಸುವ ಅಳತೆ ನೋಡಿ. ಎಣ್ಣೆ ಸರಿಯಾಗಿದ್ದೂ ದಟ್ಟ ಬಿಳಿಹೊಗೆ ಬರುತ್ತಿದ್ದು, ಇತ್ತ ಗೇರ್ ಬಾಕ್ಸಿನ ಎಣ್ಣೆ ತಾನಾಗಿ ಕಡಿಮೆಯಾಗುತ್ತಿದ್ದರೆ, ಕ್ಲಚ್ ಕಡೆಯ ಆಯಿಲ್ ಸೀಲ್ ಹೋಗಿರಬೇಕು. ಗೇರಿನ ಎಣ್ಣೆಯನ್ನೇ ಎಂಜಿನ್ ಹೀರಿ ಉರಿಸುತ್ತಿರುತ್ತದೆ. ಹೊಗೆ ಸ್ವಲ್ಪವೇ ಇದ್ದು ಗಾಡಿ ಮಂಕಾಗಿದ್ದರೆ ಸೈಲೆನ್ಸರಿನ ಒಳಗೆ ಇಂಗಾಲ ಕಟ್ಟಿರಬಹುದು. ಕಾರ್ಬನ್ ತೆಗೆಸಬೇಕು.

ಹಾಲಿನವನ ಬೈಕು

ಹೋದ ವರ್ಷ ದಸರಾ ರಜೆಯ ಸಮಯ. ನಮ್ಮ ಮನೆಗೆ ಹಾಲು ಹಾಕುವ ಹುಡುಗ (ಮೂವತ್ತೈದಾದರೂ ನನಗೆ ಹುಡುಗನೇ) ಒಂದು ಬೆಳಿಗ್ಗೆ ಹಾಲು ಅಳೆದು ಕೊಟ್ಟು, ಹೋಗದೆ ನಿಂತ.

“ಸಾರ್, ಹೆಂಡ್ತಿ ಸರ ಅಡ ಇಡಬೇಕು. ಯಾವ ಬ್ಯಾಂಕಲ್ಲಿ ಬಡ್ಡಿ ಕಮ್ಮಿ?”

“ಏನಪ್ಪಾ, ಯಾರಿಗಾದರೂ ಹುಷಾರಿಲ್ಲವಾ?”

“ಗಾಡೀಗೆ ಸಾರ್. ಬೋರಿಂಗ್ ಮಾಡಿಸಬೇಕಂತೆ. ಎಂಟು ಸಾವಿರ ಹೇಳವ್ರೆ.”

ಅವನದು ಎರಡೂ ಕಡೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಓಡಾಡುವ 100 ಸಿಸಿಯ ಹಳೆಯ ಫೋರ್ ಸ್ಟ್ರೋಕ್ ಬೈಕು. ಸಿಲಿಂಡರಿನ ಗೋಡೆ ಸವೆದಿದ್ದರೆ ಅದನ್ನು ಕೊರೆದು ದೊಡ್ಡದು ಮಾಡಿ, ದೊಡ್ಡ ಪಿಸ್ಟನ್, ಹೊಸ ರಿಂಗು ಹಾಕುವುದಕ್ಕೆ ಬೋರಿಂಗ್ ಎನ್ನುತ್ತಾರೆ. ಗ್ಯಾರೇಜಿನವರು ನೀಲಿ ಹೊಗೆ ಕಂಡು ಹಾಗೆ ಹೇಳಿದ್ದರು. ಅದರಲ್ಲಿ ಮೋಸವೇನೂ ಇಲ್ಲ. ಹಳೆಯ ಗಾಡಿ, ನೀಲಿ ಹೊಗೆ ಅಂದರೆ ಯಾರಿಗೂ ಮೊದಲು ಹೊಳೆಯುವುದು ಅದೇ. ಆದರೆ ಎಂಜಿನ್ ಬಿಚ್ಚಿದರೆ ಮೂರು ದಿನ ಗಾಡಿಯಿಲ್ಲ. ಹಾಲಿಗೆ ರಜೆ ಇಲ್ಲ. ಮೂರು ದಿನ ಹಾಲು ತಪ್ಪಿದರೆ ಮನೆಗಳು ಪ್ಯಾಕೆಟ್ಟಿಗೆ ತಿರುಗುತ್ತವೆ, ಮತ್ತೆ ಬರುವುದಿಲ್ಲ.

“ಸರ ಎಲ್ಲೂ ಹೋಗುವುದಿಲ್ಲ, ಕೊರಳಲ್ಲೇ ಇರಲಿ. ಒಂದು ತಿಂಗಳು ತಾಳು, ಲೆಕ್ಕ ನೋಡೋಣ” ಎಂದೆ. ಎಣ್ಣೆ ಕಡಿಮೆಯಾಗದಂತೆ ನೋಡಿಕೊಂಡರೆ ಒಂದು ತಿಂಗಳು ಕಾಯುವುದರಿಂದ ಎಂಜಿನ್ನಿಗೆ ಅಪಾಯವಿರಲಿಲ್ಲ.

ಎಣ್ಣೆಯ ಲೆಡ್ಜರು

ನಮ್ಮ ಕಾಲದ ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಒಂದು ರೂಪಾಯಿ ವ್ಯತ್ಯಾಸ ಬಂದರೂ ಮನೆಗೆ ಹೋಗುವಂತಿರಲಿಲ್ಲ. ಹಣ ಗಾಳಿಯಲ್ಲಿ ಕರಗುವುದಿಲ್ಲ. ಕೊಟ್ಟಿರಬೇಕು, ಬಿದ್ದಿರಬೇಕು, ಇಲ್ಲವೇ ಎಣಿಸುವುದರಲ್ಲಿ ತಪ್ಪಾಗಿರಬೇಕು. ಎಣ್ಣೆಯೂ ಹಾಗೆಯೇ. ಒಂದೋ ಉರಿದಿದೆ, ಇಲ್ಲವೇ ಸೋರಿದೆ, ಅಥವಾ ಅಳತೆಯೇ ಸರಿಯಿಲ್ಲ. ನಾಲ್ಕನೆಯ ದಾರಿ ಇಲ್ಲ.

ಮೊದಲು ಅಳತೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಬೇಕು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿ ನೋಡಿದರೆ ಕಡ್ಡಿ ಸುಳ್ಳು ಹೇಳುತ್ತದೆ. ಎಂಜಿನ್ ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಎಣ್ಣೆ ಕೆಳಗಿಳಿಯಲು ಬಿಟ್ಟು, ಕಡ್ಡಿ ಒರೆಸಿ ಅದ್ದಿ ನೋಡಬೇಕು. ಕಡ್ಡಿಯನ್ನು ತಿರುಗಿಸಿ ಬಿಗಿಯಬೇಕೋ, ಸುಮ್ಮನೆ ಇಳಿಬಿಡಬೇಕೋ ಎಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ.

ಅಳತೆ ದಾರಿ ತಪ್ಪಿಸುವ ಒಂದು ಉದಾಹರಣೆ ಹೇಳುತ್ತೇನೆ. 1955ರಲ್ಲಿ ಮದರಾಸಿನಲ್ಲಿ ಶುರುವಾದ ಎನ್‌ಫೀಲ್ಡ್ ಇಂಡಿಯಾ ತಯಾರಿಸಿದ ಹಳೆಯ ಬುಲೆಟ್‌ಗಳಲ್ಲಿ ಎಣ್ಣೆಗೆ ಬೇರೆಯೇ ಅರೆಯಿದೆ. ಒಂದು ಪಂಪು ಅಲ್ಲಿಂದ ಎಣ್ಣೆ ಕಳುಹಿಸುತ್ತದೆ, ಇನ್ನೊಂದು ಕೆಳಗೆ ಬಿದ್ದದ್ದನ್ನು ಹಿಂದಕ್ಕೆ ತರುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಅರೆಯ ಎಣ್ಣೆ ಮೆಲ್ಲಗೆ ಕೆಳಗಿನ ಕ್ರ್ಯಾಂಕ್ ಕೇಸಿಗೆ ಇಳಿಯಬಹುದು. ಆಗ ಕಡ್ಡಿ ‘ಎಣ್ಣೆ ಕಡಿಮೆ’ ಎನ್ನುತ್ತದೆ. ಅದನ್ನು ನಂಬಿ ಮತ್ತೆ ಸುರಿದರೆ ಎಣ್ಣೆ ಹೆಚ್ಚಾಗಿ ಹೊಗೆಯೋ ಹೊಗೆ! ಮೊದಲು ಎಂಜಿನ್ ಓಡಿಸಿ, ಎಣ್ಣೆ ಹಿಂದಿರುಗಿದ ಮೇಲೆ ನೋಡುವುದೇ ಸರಿ.

ಎಣ್ಣೆಯ ಮಟ್ಟ ತಾನಾಗಿ ಏರಿದರೂ ಖುಷಿಪಡಬೇಡಿ. ಯಾರದೋ ಖಾತೆಗೆ ಹಣ ತಾನಾಗಿ ಬಂದರೆ ಗುಮಾಸ್ತ ಗಾಬರಿಯಾಗಬೇಕು. ಕಾರ್ಬೊರೇಟರಿನಿಂದ ಪೆಟ್ರೋಲ್ ಇಳಿದು ಎಣ್ಣೆಗೆ ಸೇರಿರಬಹುದು. ಕಡ್ಡಿ ಮೂಸಿದರೆ ತಿಳಿಯುತ್ತದೆ. ಎಣ್ಣೆ ಕಪ್ಪಾಗುವುದು ಸಹಜ, ಕೊಳೆ ತೊಳೆದದ್ದರ ಗುರುತು. ಹಾಲು ಬೆರೆಸಿದ ಚಹಾದಂತಾದರೆ ನೀರು ಸೇರಿದೆ. ಮಿಣಮಿಣ ಲೋಹದ ಪುಡಿ ಕಂಡರೆ ಗಾಡಿ ಓಡಿಸುವುದನ್ನು ನಿಲ್ಲಿಸಿ, ಮೆಕ್ಯಾನಿಕ್ಕಿಗೆ ತೋರಿಸಿ.

ಎರಡನೆಯದು ಸೋರಿಕೆ. ರಾತ್ರಿ ಎಂಜಿನ್ನಿನ ಕೆಳಗೆ ಹಳೆಯ ಪೇಪರ್ ಹಾಸಿದೆವು. ಬೆಳಿಗ್ಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಒಂದೇ ಕಲೆ. ಎಂಜಿನ್ ತಣ್ಣಗಿರುವಾಗ ಜಿಡ್ಡು ಒರೆಸಿ, ಟಾಲ್ಕಂ ಪೌಡರ್ ಉದುರಿಸಿ ಒಂದು ಸುತ್ತು ಹೋಗಿ ಬರಲು ಹೇಳಿದೆ. ಸೋರುವ ಜಾಗವಿದ್ದರೆ ಪೌಡರ್ ಒದ್ದೆಯಾಗುತ್ತದೆ. ಗಾಳಿ ಎಣ್ಣೆಯನ್ನು ಹಿಂದಕ್ಕೆ ಎಳೆಯುವುದರಿಂದ, ಒದ್ದೆಯಾದ ಜಾಗಕ್ಕಿಂತ ಮುಂದೆ, ಮೇಲೆ ಹುಡುಕಬೇಕು. ಹುಡುಕಿದೆವು. ಹೇಳಿಕೊಳ್ಳುವಂಥ ಸೋರಿಕೆ ಇರಲಿಲ್ಲ. ಎಂಜಿನ್ನಿನ ಒಳಗಿನ ಒತ್ತಡ ಹೊರಗೆ ಬಿಡುವ ಬ್ರೀದರ್ ಪೈಪೂ ನೋಡಿದೆವು. ಅದು ಮಡಚಿದ್ದರೆ, ಕಟ್ಟಿಕೊಂಡಿದ್ದರೆ ಎಣ್ಣೆ ಸಿಕ್ಕಿದ ದಾರಿ ಹಿಡಿಯುತ್ತದೆ. ಅದೂ ಚೊಕ್ಕವಾಗಿತ್ತು.

ಉಳಿದದ್ದು ಉರಿಯುವುದು. ಪ್ರತಿ ಭಾನುವಾರ ಕಡ್ಡಿಯ ಮೇಲಿನ ಗೆರೆಯವರೆಗೆ ಎಣ್ಣೆ ತುಂಬಿಸುವುದು, ಎಷ್ಟು ಹಿಡಿಯಿತು ಎಂದು ಬರೆಯುವುದು. ಕೆಮ್ಮಿನ ಸಿರಪ್ಪಿನ ಅಳತೆ ಮುಚ್ಚಳವೇ ನಮ್ಮ ಅಳತೆಗೋಲು. ಬರೆಯುವ ಕೆಲಸ ಎಂಟನೆಯ ತರಗತಿಯ ಮೊಮ್ಮಗಳದು. ನಾಲ್ಕು ವಾರದ ಲೆಕ್ಕ: 50, 60, 50, 50. ಒಟ್ಟು 210 ಮಿ.ಲೀ. ಓಡಿದ್ದು 840 ಕಿಲೋಮೀಟರ್.

“1,000 ಕಿಲೋಮೀಟರಿಗೆ 250 ಮಿ.ಲೀ. ಆಯ್ತು ತಾತ.”

“3,000ಕ್ಕೆ?”

“750.” ಅವಳು ಪುಸ್ತಕದಿಂದ ತಲೆ ಎತ್ತಿದಳು. “ಎಂಜಿನ್ನಲ್ಲಿ ಇರೋದೇ 900 ಅಂದ್ರಲ್ಲ!”

ಹಾಲಿನವನು ಎಣ್ಣೆ ಬದಲಿಸುತ್ತಿದ್ದದ್ದು 3,000 ಕಿಲೋಮೀಟರಿಗೊಮ್ಮೆ. ನಡುವೆ ಕಡ್ಡಿ ನೋಡುವ ರೂಢಿಯೇ ಅವನಿಗಿರಲಿಲ್ಲ. ಬದಲಿಸುವ ಹೊತ್ತಿಗೆ ಒಳಗೆ ಒಂದು ಲೋಟದಷ್ಟು ಎಣ್ಣೆ ಉಳಿದರೆ ಹೆಚ್ಚು. ಎಣ್ಣೆ ತೀರಿದ ಎಂಜಿನ್ ಓಡುತ್ತಿರುವಾಗಲೇ ಹಿಡಿದುಕೊಳ್ಳಬಹುದು, ಹಿಂದಿನ ಚಕ್ರ ಜಾಮ್ ಆಗಬಹುದು. ಸಂಜೆ ಅದೇ ಗಾಡಿಯಲ್ಲಿ ಅವನು ಮಗನನ್ನು ಟ್ಯೂಷನ್ನಿಗೆ ಬಿಡುತ್ತಿದ್ದ. ಆ ಲೆಕ್ಕ ಕೇಳಿದ ಮೇಲೆ ಅವನು ಕಡ್ಡಿ ನೋಡುವುದನ್ನು ಒಂದು ದಿನವೂ ಬಿಟ್ಟಿಲ್ಲ.

ಬೆಟ್ಟದ ಪರೀಕ್ಷೆ

ಎಣ್ಣೆ ಉರಿಯುತ್ತಿದೆ ಎಂದು ಖಾತ್ರಿಯಾಯಿತು. ಯಾವ ದಾರಿಯಿಂದ ಒಳಗೆ ಬರುತ್ತಿದೆ? ಇರುವುದು ಮುಖ್ಯವಾಗಿ ಎರಡು ದಾರಿ. ಕೆಳಗಿನಿಂದ ರಿಂಗು ದಾಟಿ, ಇಲ್ಲವೇ ಮೇಲಿನಿಂದ ವಾಲ್ವ್ ಸೀಲ್ ದಾಟಿ. ಮೊದಲನೆಯದಾದರೆ ಬೋರಿಂಗ್, ಎಂಟು ಸಾವಿರ. ಎರಡನೆಯದಾದರೆ ಖರ್ಚು ಬಹಳ ಕಡಿಮೆ. ಇಲ್ಲಿಯೇ ಹೊಗೆ ಬರುವ ಹೊತ್ತು ಮುಖ್ಯವಾಗುವುದು.

ಹಾಲಿನವನ ಮನೆ ನಮ್ಮ ಹಿಂದಿನ ಬೀದಿಯಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ನಿಲ್ಲಿಸಿದ ಗಾಡಿಯನ್ನು ಸಂಜೆ ನಾಲ್ಕಕ್ಕೆ ಮತ್ತೆ ಹೊರಡಿಸುತ್ತಾನೆ. ಮೊಮ್ಮಗಳು ತಾರಸಿಯ ಮೇಲೆ ನಿಂತು ಬರೆದಳು: ‘ಕಿಕ್ ಹೊಡೆದ ತಕ್ಷಣ ನೀಲಿ ಹೊಗೆ. 40 ಎಣಿಸುವಷ್ಟರಲ್ಲಿ ಇಲ್ಲ.’ ಮರುದಿನವೂ ಅದೇ, ಅದರ ಮರುದಿನವೂ ಅದೇ.

“ತಾತ, ರಿಂಗ್ ಸವೆದಿದ್ದರೆ ಆಮೇಲೂ ಹೊಗೆ ಬರಬೇಕಲ್ವಾ?” ಎಂದಳು. ಸರಿಯಾದ ಪ್ರಶ್ನೆ. ಗಾಡಿ ನಿಂತಾಗ ಮೇಲಿನ ಎಣ್ಣೆ, ಹೆಂಚಿನ ಸಂದಿನಿಂದ ಮಳೆನೀರು ಇಳಿಯುವಂತೆ, ವಾಲ್ವಿನ ಕಾಂಡದ ಗುಂಟ ತೊಟ್ಟಿಕ್ಕಿ ಕಾದಿರುತ್ತದೆ. ಸ್ಟಾರ್ಟ್ ಮಾಡಿದಾಗ ಅಷ್ಟೂ ಒಮ್ಮೆಲೇ ಉರಿದು ಮುಗಿಯುತ್ತದೆ.

ಒಂದೇ ಸಾಕ್ಷಿ ನಂಬಿ ತೀರ್ಪು ಕೊಡಬಾರದು. ಮೈಸೂರಿನಲ್ಲಿರುವ ನಮಗೆ ಚಾಮುಂಡಿ ಬೆಟ್ಟವಿದೆ. ಒಂದು ಭಾನುವಾರ ಹಾಲಿನ ಕೆಲಸ ಮುಗಿಸಿ, ಕ್ಯಾನು ಇಳಿಸಿ ಅವನು ಮುಂದೆ ಹೊರಟ. ಮಗನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಹೆಲ್ಮೆಟ್ ಹಾಕಿಕೊಂಡು ನಾನು. ಏರು ಹತ್ತುವಾಗ ಎಂಜಿನ್ನಿಗೆ ಪೂರ್ತಿ ಭಾರ. ಒಳಗೆ ಬೆಂಕಿಯ ಒತ್ತಡ ಹೆಚ್ಚು. ರಿಂಗು, ಬೋರು ಸವೆದಿದ್ದರೆ ಆಗಲೇ ದಟ್ಟ ನೀಲಿ ಹೊಗೆ ಬಿಡಬೇಕು. ಕಣ್ಣು ಕಿರಿದು ಮಾಡಿ ನೋಡುತ್ತಲೇ ಹೋದೆ. ಮೇಲೆ ತಲುಪುವವರೆಗೂ ಏನಿಲ್ಲ.

ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ಇಳಿಯಲು ಹೇಳಿದ್ದೆ. ಆಗ ಒಳಗೆ ಏನಾಗುತ್ತದೆ ಎಂದರೆ, ಎಳನೀರು ಕುಡಿಯುವ ಕೊಳವೆಯ ತುದಿಯನ್ನು ಬೆರಳಿನಿಂದ ಮುಚ್ಚಿ ಜೋರಾಗಿ ಹೀರಿ ನೋಡಿ. ಕೊಳವೆ ಒಳಕ್ಕೆ ಕುಗ್ಗುತ್ತದೆ. ಹಾಗೆಯೇ ಗಾಳಿಯ ದಾರಿ ಮುಚ್ಚಿದ್ದರೂ ಪಿಸ್ಟನ್ ಹೀರುತ್ತಲೇ ಇರುವುದರಿಂದ, ಸವೆದ ಸೀಲಿನ ಸಂದಿನಿಂದ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ. ಕೆಳಗೆ ಬಂದು ಅವನು ಮತ್ತೆ ಆಕ್ಸಿಲರೇಟರ್ ಕೊಟ್ಟ ಕೂಡಲೇ ಬುಸ್ ಎಂದು ನೀಲಿ ಮೋಡವೊಂದು ಎದ್ದು ನಮ್ಮ ಮೇಲೆಯೇ ಬಂತು. ಮಗ ಕೆಮ್ಮಿದ. ನನಗೆ ಮಾತ್ರ ಬಹಳ ಸಂತೋಷವಾಯಿತು.

ಗೇಜಿನ ಸಾಕ್ಷಿ

ನನ್ನ ಊಹೆಯ ಮೇಲೆ ಇನ್ನೊಬ್ಬರ ಹಣ ಖರ್ಚು ಮಾಡಿಸುವುದು ಸರಿಯಲ್ಲ. ವಯಸ್ಸಾದ ಮೆಕ್ಯಾನಿಕ್ ಒಬ್ಬರ ಬಳಿ ಪುಸ್ತಕ ಸಮೇತ ಹೋದೆವು. ಅವರು ಓದಿ, ಏನೂ ಹೇಳದೆ ಕಂಪ್ರೆಷನ್ ಗೇಜ್ ತಂದರು. ಪ್ಲಗ್ ಬಿಚ್ಚಿ ಗೇಜ್ ಸಿಕ್ಕಿಸಿ ಕಿಕ್ ಹೊಡೆದು ಒತ್ತಡ ನೋಡಿದರು. ಆಮೇಲೆ ಒಂದು ಟೀ ಚಮಚದಷ್ಟು ಎಣ್ಣೆಯನ್ನು ಸಿಲಿಂಡರಿಗೆ ಬಿಟ್ಟು ಮತ್ತೆ ನೋಡಿದರು. ರಿಂಗು ಸವೆದಿದ್ದರೆ ಎಣ್ಣೆ ಸಂದು ಮುಚ್ಚುವುದರಿಂದ ಎರಡನೆಯ ಸಲ ಮುಳ್ಳು ಚೆನ್ನಾಗಿ ಮೇಲೇರುತ್ತದೆ. ಇಲ್ಲಿ ಎರಡೂ ಸಲ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ, ಇರಬೇಕಾದ ಮಟ್ಟದಲ್ಲೇ ನಿಂತಿತು.

“ಮೇಲಿನ ಎರಡು ರಿಂಗ್ ಚೆನ್ನಾಗವೆ ಸಾರ್. ಆಯಿಲ್ ರಿಂಗ್ ಒಂದೇ ಹೋಗಿದ್ರೆ ಈ ಗೇಜಿಗೆ ಗೊತ್ತಾಗಲ್ಲ. ಆದ್ರೆ ಏರಲ್ಲಿ ಹೊಗೆ ಇಲ್ಲ ಅಂತ ಬರೆದಿದ್ದೀರಲ್ಲ, ಮೊದಲು ಹೆಡ್ ಮಾತ್ರ ಬಿಚ್ಚೋಣ” ಎಂದರು.

ಮರುದಿನ ಮಧ್ಯಾಹ್ನದ ಬಿಡುವಿನಲ್ಲೇ ಕೆಲಸವಾಯಿತು. ತೆಗೆದ ಸೀಲುಗಳನ್ನು ಮೊಮ್ಮಗಳ ಕೈಗೆ ಕೊಟ್ಟರು. ಹಳೆಯ ಕುಕ್ಕರಿನ ಗ್ಯಾಸ್ಕೆಟ್ ಕಾದು ಕಾದು ಗಟ್ಟಿಯಾಗಿ ಆವಿ ಬಿಡುತ್ತದಲ್ಲ, ಹಾಗೆಯೇ ಆಗಿದ್ದವು. ಉಗುರಿನಿಂದ ಒತ್ತಿದರೆ ರಬ್ಬರಿನ ಮೃದುತನವೇ ಇಲ್ಲ. ವಾಲ್ವಿನ ಕಾಂಡವನ್ನು ಗೈಡಿನಲ್ಲಿ ಅಲ್ಲಾಡಿಸಿ ನೋಡಿ, ಸವೆತ ಹೆಚ್ಚಿಲ್ಲವೆಂದು ಖಚಿತ ಮಾಡಿಕೊಂಡು, ಹೊಸ ಸೀಲು, ಹೊಸ ಗ್ಯಾಸ್ಕೆಟ್ ಹಾಕಿದರು. ಕೂಲಿ ಸೇರಿ 1,600 ರೂಪಾಯಿ. ಹಾಲಿನವನು ಆ ತಿಂಗಳ ಹಾಲಿನ ಹಣದಲ್ಲೇ ಕೊಟ್ಟ. ಸಂಜೆ ನಾಲ್ಕರ ಹಾಲು ತಪ್ಪಲಿಲ್ಲ.

ಮುಂದಿನ ನಾಲ್ಕು ವಾರ, ಅದೇ 840 ಕಿಲೋಮೀಟರಿಗೆ ಎಣ್ಣೆ ಹಿಡಿದದ್ದು 40 ಮಿ.ಲೀ. ಸೊನ್ನೆಯಾಗಲಿಲ್ಲ. ವಯಸ್ಸಾದ ಎಂಜಿನ್ ಅಷ್ಟಿಷ್ಟು ತಿನ್ನುತ್ತದೆ. ಮುಂದೆ ಒಂದು ದಿನ ಬೋರಿಂಗ್ ಬೇಕಾಗಬಹುದು. ಅದಕ್ಕೆಂದು ಈಗಿನಿಂದಲೇ ತಿಂಗಳಿಗೆ ಮುನ್ನೂರು ರೂಪಾಯಿ ಆರ್.ಡಿ. ಕಟ್ಟು ಎಂದು ಹೇಳಿದ್ದೇನೆ. ಕಟ್ಟುತ್ತಿದ್ದಾನೆ.

ಮನೆಯಲ್ಲಿ ಹಳೆಯ ಗಾಡಿ ಇದ್ದರೆ

ಅಜ್ಜಂದಿರು, ಮೊಮ್ಮಕ್ಕಳು ಸೇರಿ ಮಾಡಬಹುದಾದ ಕೆಲಸ ಇದು. ಒಂದು ನೋಟ್ ಪುಸ್ತಕದಲ್ಲಿ ಐದು ಕಲಮು ಎಳೆಯಿರಿ: ದಿನಾಂಕ, ಓಡಿದ ಕಿಲೋಮೀಟರ್, ಹಾಕಿದ ಎಣ್ಣೆ, ಹೊಗೆಯ ಬಣ್ಣ, ಹೊಗೆ ಬಂದ ಹೊತ್ತು. ಸ್ಟಾರ್ಟ್ ಮಾಡಿದಾಗಲೋ, ಏರಿನಲ್ಲೋ, ಇಳಿದ ಮೇಲೋ, ಸದಾ ಕಾಲವೋ ಎಂದು ಸ್ಪಷ್ಟವಾಗಿ ಬರೆಯಿರಿ. ಗ್ಯಾರೇಜಿಗೆ ಹೋಗುವಾಗ ಅದನ್ನು ಒಯ್ಯಿರಿ. ಒಳ್ಳೆಯ ಮೆಕ್ಯಾನಿಕ್ ಅದನ್ನು ಓದಿಯೇ ಓದುತ್ತಾರೆ.

ಕೆಲವು ಎಚ್ಚರಿಕೆಗಳಿವೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ಕಾಣದ ಗಾಡಿಯಿಂದಲೂ ಅದು ಬರುತ್ತದೆ. ಎಮಿಷನ್ ಟೆಸ್ಟಿನಲ್ಲಿ ಸೈಲೆನ್ಸರಿಗೆ ಕೊಳವೆ ತೂರಿಸಿ ಅಳೆಯುವ ಅನಿಲಗಳಲ್ಲಿ ಅದೂ ಒಂದು. ಮಕ್ಕಳು ಹೊಗೆಯನ್ನು ದೂರದಿಂದಲೇ ನೋಡಬೇಕು, ಸೈಲೆನ್ಸರ್ ಮುಟ್ಟಬಾರದು. ಕಡ್ಡಿ, ಪ್ಲಗ್ ಬಿಚ್ಚುವ ಕೆಲಸ ದೊಡ್ಡವರದು. ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೋ ಗಿಡದ ಬುಡಕ್ಕೋ ಸುರಿಯದೆ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ. ಅಲ್ಲಿಂದ ಅದು ಮರುಬಳಕೆಗೆ ಹೋಗುತ್ತದೆ.

ಕೊನೆಗೆ ಮಕ್ಕಳಿಗೆ ಎರಡು ಲೆಕ್ಕ. ಒಂದು: ಟೂ ಸ್ಟ್ರೋಕ್ ಗಾಡಿಯೊಂದರ ಪುಸ್ತಕದಲ್ಲಿ 25 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಎಂದಿದೆ. ಮೂರು ಲೀಟರು ಪೆಟ್ರೋಲಿಗೆ ಎಷ್ಟು ಮಿ.ಲೀ. ಎಣ್ಣೆ ಬೇಕು? ಎರಡು: ಜಾವಾ 250ರ ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಸಿಲಿಂಡರಿನ ಘನಫಲದ ಸೂತ್ರ ನಿಮ್ಮ ಗಣಿತ ಪುಸ್ತಕದಲ್ಲಿದೆ. ಅದರಂತೆ ಮಾಡಿ, ಆ ಗಾಡಿಗೆ 250 ಎಂಬ ಹೆಸರು ಹೇಗೆ ಬಂತೆಂದು ನೋಡಿ. ಉತ್ತರವನ್ನು ಅಜ್ಜನಿಗೆ ತೋರಿಸಿ. ಅವರು ಒಂದು ಕಾಲದಲ್ಲಿ ಜಾವಾ ಓಡಿಸಿದ್ದರೆ ಉತ್ತರದ ಜೊತೆಗೆ ನಾಲ್ಕು ಕಥೆಯೂ ಸಿಗುತ್ತದೆ.